ಆಸ್ಪತ್ರೆ ಬಿಲ್ ಕಟ್ಟಿದ್ದು ನಿಜ, ರಿಫಂಡ್ ಯಾಕೆ ಕಡಿಮೆ ಬಂತು?

ಕೋಲಾರದ ಕಡೆಯ ಓದುಗರು ಪ್ರತಿ ವರ್ಷ ಎರಡು ಪ್ರಶ್ನೆ ತಪ್ಪದೆ ಕೇಳುತ್ತಾರೆ. ರಿಟರ್ನ್ ಹಾಕುವ ಮುಂಚೆ: "ಅಪ್ಪನ ಆಪರೇಷನ್‌ಗೆ ಒಂದೂವರೆ ಲಕ್ಷ ಆಯ್ತು, ಐಟಿಯಲ್ಲಿ ಎಲ್ಲಿ ತೋರಿಸೋದು?" ಹಾಕಿ ಎರಡು ಮೂರು ತಿಂಗಳಾದ ಮೇಲೆ: "ಹದಿನೆಂಟು ಸಾವಿರ ಬರಬೇಕಿತ್ತು, ಐದು ಸಾವಿರ ಬಂದಿದೆ. ಯಾಕೆ ಅಂತ ಯಾರೂ ಹೇಳ್ತಿಲ್ಲ."

ಹೇಳಿರುತ್ತಾರೆ. ನೀವು ತೆರೆಯದೆ ಬಿಟ್ಟ ಒಂದು ಇಮೇಲ್‌ನಲ್ಲಿ ಹೇಳಿರುತ್ತಾರೆ. ಅದನ್ನು ಓದುವುದು ಹೇಗೆ ಅನ್ನುವುದಕ್ಕೆ ಆಮೇಲೆ ಬರುತ್ತೇನೆ. ಮೊದಲು ಬಿಲ್ಲಿನ ವಿಷಯ ಮುಗಿಸೋಣ. ಅರ್ಧ ಜನರ ರಿಫಂಡ್ ಕಡಿಮೆಯಾಗುವುದು ಅಲ್ಲಿಂದಲೇ.

ಒಂದು ಮಾತು. ಇಲ್ಲಿರುವ ಸೆಕ್ಷನ್ ನಂಬರುಗಳು 1961ರ ಆದಾಯ ತೆರಿಗೆ ಕಾಯ್ದೆಯವು. 2026ರ ಏಪ್ರಿಲ್ 1ರಿಂದ ಹೊಸ ಕಾಯ್ದೆ ಬಂದಿದೆ, ನಂಬರುಗಳು ಬದಲಾಗಿವೆ. ಆದರೆ 2025-26ರ ಆದಾಯಕ್ಕೂ ಅದರ ಹಿಂದಿನ ವರ್ಷಗಳಿಗೂ ಹಳೆ ಕಾಯ್ದೆಯೇ ನಡೆಯುತ್ತದೆ.

ಕೈಯಲ್ಲಿ ಇಟ್ಟುಕೊಳ್ಳಬೇಕಾದ್ದು: ಪ್ಯಾನ್, ಇ-ಫೈಲಿಂಗ್ ಪೋರ್ಟಲ್‌ನ ಪಾಸ್‌ವರ್ಡ್, ಆಧಾರ್‌ಗೆ ಜೋಡಿಸಿದ ಮೊಬೈಲ್, ಕಂಪನಿ ಕೊಟ್ಟ ಫಾರ್ಮ್ 16 (ನಿಮ್ಮ ಸಂಬಳ, ಅದರಿಂದ ಹಿಡಿದ ತೆರಿಗೆಯ ವಿವರ ಇರುವ ಪತ್ರ), ಪೋರ್ಟಲ್‌ನಿಂದ ಇಳಿಸಿಕೊಂಡ 26ಎಎಸ್ (ನಿಮ್ಮ ಹೆಸರಿನಲ್ಲಿ ಸರ್ಕಾರಕ್ಕೆ ಜಮೆಯಾದ ತೆರಿಗೆಯ ಪಟ್ಟಿ) ಮತ್ತು ಎಐಎಸ್ (ಬಡ್ಡಿ, ಷೇರು ವ್ಯವಹಾರ ಎಲ್ಲ ಇರುವ ಪಟ್ಟಿ). ಆಸ್ಪತ್ರೆ ಮತ್ತು ಮೆಡಿಕಲ್ ಶಾಪ್ ಬಿಲ್ಲುಗಳು, ಹಣ ಹೋದದ್ದಕ್ಕೆ ಬ್ಯಾಂಕ್ ಸ್ಟೇಟ್‌ಮೆಂಟ್ ಕೂಡ ಬೇಕು.

ಹಂತ 1: ನೀವು ಯಾವ ಪದ್ಧತಿಯಲ್ಲಿ ಇದ್ದೀರಿ?

ಈ ಹಂತ ದಾಟಿ ಮುಂದೆ ಹೋಗುವವರೇ ಜಾಸ್ತಿ. ದಯವಿಟ್ಟು ಇಲ್ಲೇ ಹತ್ತು ನಿಮಿಷ ನಿಲ್ಲಿ.

ತೆರಿಗೆ ಲೆಕ್ಕಕ್ಕೆ ಹಳೆಯದು, ಹೊಸದು ಅಂತ ಎರಡು ಪದ್ಧತಿ ಇವೆ. 2023-24ರ ಆದಾಯದಿಂದ ಈಚೆಗೆ ಹೊಸ ತೆರಿಗೆ ಪದ್ಧತಿಯೇ ತಾನಾಗಿ ಅನ್ವಯಿಸುತ್ತದೆ. ನೀವು ಏನೂ ಹೇಳದಿದ್ದರೆ ನೀವು ಹೊಸದರಲ್ಲಿ ಇದ್ದೀರಿ ಅಂತಲೇ ಅರ್ಥ. ಹೊಸ ಪದ್ಧತಿಯಲ್ಲಿ ನಿಮ್ಮ ಕೈಯಿಂದ ಹೋದ ವೈದ್ಯಕೀಯ ಖರ್ಚಿಗೆ ಒಂದು ರೂಪಾಯಿಯೂ ಕಳೆಯಲು ಸಿಗುವುದಿಲ್ಲ. ಆರೋಗ್ಯ ವಿಮೆ, ಚಿಕಿತ್ಸೆ, ಅಂಗವೈಕಲ್ಯಕ್ಕೆ ಆದಾಯದಿಂದ ಕಳೆಯಲು ಬಿಡುವ ಸೆಕ್ಷನ್‌ಗಳಾದ 80ಡಿ, 80ಡಿಡಿಬಿ, 80ಡಿಡಿ, 80ಯು ಎಲ್ಲಕ್ಕೂ ಅಲ್ಲಿ ಬಾಗಿಲು ಮುಚ್ಚಿದೆ.

ಹಾಗಂತ ಬೇಜಾರು ಮಾಡಿಕೊಳ್ಳಬೇಡಿ. 2025-26ರಲ್ಲಿ ಹೊಸ ಪದ್ಧತಿಯಲ್ಲಿ 12 ಲಕ್ಷ ರೂಪಾಯಿ ತನಕ ಆದಾಯ ಇದ್ದವರಿಗೆ ತೆರಿಗೆ ಇಲ್ಲ. ಸಂಬಳದವರಿಗೆ 75,000 ರೂಪಾಯಿ ಸ್ಟ್ಯಾಂಡರ್ಡ್ ಡಿಡಕ್ಷನ್ (ಬಿಲ್ ಕೇಳದೆ ಎಲ್ಲರಿಗೂ ಕಳೆಯುವ ಮೊತ್ತ) ಬೇರೆ ಇದೆ. ಅಂದರೆ ವರ್ಷಕ್ಕೆ 12 ಲಕ್ಷ 75 ಸಾವಿರದ ತನಕ ಸಂಬಳ ಇದ್ದು, ಬೇರೆ ಆದಾಯ ಇಲ್ಲದಿದ್ದರೆ, ತೆರಿಗೆ ಸೊನ್ನೆ. ನರಸಾಪುರ, ವೇಮಗಲ್ ಕೈಗಾರಿಕಾ ಪ್ರದೇಶದಲ್ಲಿ ಕೆಲಸ ಮಾಡುವ ಬಹುಪಾಲು ಓದುಗರು ಈ ಮಿತಿಯೊಳಗೇ ಬರುತ್ತೀರಿ. ನಿಮಗೆ ಆಸ್ಪತ್ರೆ ಬಿಲ್ಲು ತೆರಿಗೆಗೆ ಬೇಕಾಗಿಯೇ ಇಲ್ಲ. ಹೊಸ ಪದ್ಧತಿಯಲ್ಲಿ ರಿಟರ್ನ್ ಹಾಕಿದರೆ ಕಂಪನಿ ಹಿಡಿದ ಟಿಡಿಎಸ್ (ಸಂಬಳ ಕೊಡುವಾಗಲೇ ಕಡಿದುಕೊಂಡ ತೆರಿಗೆ) ಪೂರ್ತಿ ವಾಪಸ್ ಬರುತ್ತದೆ. ಬಿಲ್ಲು ತೋರಿಸಲೇಬೇಕು ಅಂತ ಹಠ ಹಿಡಿದು ಹಳೆ ಪದ್ಧತಿಗೆ ಹೋಗಿ ತೆರಿಗೆ ಕಟ್ಟಿಕೊಂಡವರನ್ನು ನೋಡಿದ್ದೇನೆ.

ಅದಕ್ಕಿಂತ ಜಾಸ್ತಿ ಸಂಬಳ ಇದ್ದರೂ ಲೆಕ್ಕ ಹಾಕದೆ ಹಳೆಯದಕ್ಕೆ ಹಾರಬೇಡಿ. ಒಂದು ಉದಾಹರಣೆ ನೋಡಿ. ಸಂಬಳ 15 ಲಕ್ಷ. ಹೊಸ ಪದ್ಧತಿಯಲ್ಲಿ ಸೆಸ್ (ತೆರಿಗೆಯ ಮೇಲೆ ಹಾಕುವ ಉಪತೆರಿಗೆ) ಸೇರಿ ತೆರಿಗೆ 97,500 ರೂಪಾಯಿ. ಅದೇ ವ್ಯಕ್ತಿ ಹಳೆ ಪದ್ಧತಿಯಲ್ಲಿ ಸ್ಟ್ಯಾಂಡರ್ಡ್ ಡಿಡಕ್ಷನ್ 50,000, ಪಿಎಫ್, ಎಲ್‌ಐಸಿ ಎಲ್ಲ ಸೇರಿ 1.5 ಲಕ್ಷ, ಮನೆ ಸಾಲದ ಬಡ್ಡಿ 2 ಲಕ್ಷ, 80ಡಿಯಲ್ಲಿ 75,000, ತಂದೆಯ ಕ್ಯಾನ್ಸರ್ ಚಿಕಿತ್ಸೆಗೆ 1 ಲಕ್ಷ, ಇಷ್ಟನ್ನೂ ಕಳೆದರು ಅಂತಿಟ್ಟುಕೊಳ್ಳಿ. ಉಳಿಯುವ ಆದಾಯ 9.25 ಲಕ್ಷ, ತೆರಿಗೆ 1,01,400. ಇಷ್ಟೆಲ್ಲ ಬಿಲ್ಲು ಕೂಡಿಸಿಟ್ಟರೂ ಹೊಸದಕ್ಕಿಂತ 3,900 ರೂಪಾಯಿ ಜಾಸ್ತಿಯೇ! ಇದರ ಮೇಲೆ ಮನೆ ಬಾಡಿಗೆ ಭತ್ಯೆ ಒಂದು ಲಕ್ಷ ಕಳೆಯಲು ಸಿಕ್ಕರೆ ಮಾತ್ರ ತೆರಿಗೆ 80,600ಕ್ಕೆ ಇಳಿದು ಹಳೆಯದು ಗೆಲ್ಲುತ್ತದೆ. ಪೋರ್ಟಲ್‌ನಲ್ಲೇ ತೆರಿಗೆ ಕ್ಯಾಲ್ಕುಲೇಟರ್ ಇದೆ. ಎರಡರಲ್ಲೂ ಹಾಕಿ ನೋಡಿ.

ಹಳೆಯದೇ ಲಾಭ ಅನ್ನಿಸಿತಾ? ಸಂಬಳದವರು ರಿಟರ್ನ್ ತುಂಬುವಾಗ ಹೊಸ ಪದ್ಧತಿಯಿಂದ ಹೊರಬರುತ್ತೀರಾ ಅನ್ನುವ ಪ್ರಶ್ನೆಗೆ "ಎಸ್" ಒತ್ತಬೇಕು. ಅಂಗಡಿ, ಕಾಂಟ್ರಾಕ್ಟ್ ಅಂತ ವ್ಯಾಪಾರದ ಆದಾಯ ಇರುವವರು ರಿಟರ್ನ್‌ನ ಗಡುವಿನೊಳಗೆ ಫಾರ್ಮ್ 10-ಐಇಎ (ಹಳೆ ಪದ್ಧತಿ ಬೇಕು ಅಂತ ತಿಳಿಸುವ ಅರ್ಜಿ) ಕೂಡ ಸಲ್ಲಿಸಬೇಕು. ಗಡುವು ದಾಟಿ ತಡವಾಗಿ ರಿಟರ್ನ್ ಹಾಕಿದರೆ ಹಳೆ ಪದ್ಧತಿ ಸಿಗುವುದಿಲ್ಲ. ಅಪ್ಪನನ್ನು ನೋಡಿಕೊಳ್ಳುತ್ತಾ ಆಸ್ಪತ್ರೆಯಲ್ಲಿದ್ದೆ, ಅದಕ್ಕೇ ತಡವಾಯಿತು ಅಂದರೂ ಕಂಪ್ಯೂಟರ್ ಕೇಳುವುದಿಲ್ಲ.

ಹಂತ 2: ನಿಮ್ಮ ಬಿಲ್ಲು ಯಾವ ಸೆಕ್ಷನ್‌ಗೆ ಸೇರುತ್ತದೆ?

ಇಲ್ಲಿಂದ ಮುಂದಿನದು ಹಳೆ ಪದ್ಧತಿ ಆರಿಸಿಕೊಂಡವರಿಗೆ.

ಮೊದಲಿಗೆ ಒಂದು ತಪ್ಪು ತಿಳಿವಳಿಕೆ. 50,000 ರೂಪಾಯಿ ಬಿಲ್ಲು ತೋರಿಸಿದರೆ 50,000 ವಾಪಸ್ ಬರುವುದಿಲ್ಲ. ಅದು ಕಳೆಯುವುದು ಆದಾಯದಿಂದ, ತೆರಿಗೆಯಿಂದ ಅಲ್ಲ. ನೀವು ಶೇ. 20ರ ಹಂತದಲ್ಲಿದ್ದರೆ ಸೆಸ್ ಸೇರಿ ಉಳಿಯುವುದು 10,400 ರೂಪಾಯಿ, ಅಷ್ಟೇ.

80ಡಿ: ಆರೋಗ್ಯ ವಿಮೆಯ ಕಂತು. ನಿಮಗೆ, ಗಂಡ ಅಥವಾ ಹೆಂಡತಿಗೆ, ಅವಲಂಬಿತ ಮಕ್ಕಳಿಗೆ ಸೇರಿ 25,000 ರೂಪಾಯಿ. ತಂದೆ ತಾಯಿಗೆ ಬೇರೆ 25,000, ಅವರಿಗೆ 60 ವರ್ಷ ತುಂಬಿದ್ದರೆ 50,000. ಹೆಲ್ತ್ ಚೆಕಪ್ ಖರ್ಚು 5,000ದ ತನಕ ಇದರೊಳಗೇ ಸೇರುತ್ತದೆ, ಮೇಲೆ ಅಲ್ಲ. ಮೂರು ವರ್ಷದ ಪಾಲಿಸಿಗೆ ಒಟ್ಟಿಗೆ 60,000 ಕಟ್ಟಿದ್ದರೆ ವರ್ಷಕ್ಕೆ 20,000 ಮಾತ್ರ ತೋರಿಸಬೇಕು. ಕಂಪನಿಯ ಗುಂಪು ವಿಮೆಗೆ ನಿಮ್ಮ ಸಂಬಳದಿಂದ ಹಿಡಿದ ಭಾಗಕ್ಕೆ ಸಿಗುತ್ತದೆ, ಕಂಪನಿ ಕಟ್ಟಿದ ಭಾಗಕ್ಕೆ ಇಲ್ಲ.

ನಮ್ಮ ಕಡೆಯವರಿಗೆ ಹೆಚ್ಚು ಉಪಯೋಗಕ್ಕೆ ಬರುವ ಮಾತು 80ಡಿಯ ಒಳಗೇ ಇದೆ, ಯಾರೂ ಹೇಳುವುದಿಲ್ಲ. ಮುಳಬಾಗಿಲು, ಶ್ರೀನಿವಾಸಪುರದ ಹಳ್ಳಿಗಳಲ್ಲಿರುವ ನಮ್ಮ ಅಪ್ಪ ಅಮ್ಮಂದಿರಲ್ಲಿ ಎಷ್ಟು ಜನಕ್ಕೆ ಆರೋಗ್ಯ ವಿಮೆ ಇದೆ? ವಿಮೆ ಇಲ್ಲದ, 60 ದಾಟಿದ ತಂದೆ ತಾಯಿಯ ಚಿಕಿತ್ಸೆಗೆ ನೀವು ಮಾಡಿದ ಖರ್ಚನ್ನೇ ವರ್ಷಕ್ಕೆ 50,000ದ ತನಕ ತೋರಿಸಬಹುದು. ಇಂಥದ್ದೇ ಕಾಯಿಲೆ ಅಂತ ಇಲ್ಲ. ಶುಗರ್ ಮಾತ್ರೆ, ಕಣ್ಣಿನ ಪೊರೆ, ಮಂಡಿ ಚಿಕಿತ್ಸೆ ಯಾವುದಾದರೂ ಆಗುತ್ತದೆ. ಅವರು ನಿಮ್ಮನ್ನೇ ಅವಲಂಬಿಸಿರಬೇಕು ಅಂತಲೂ ಇಲ್ಲ. ಅಪ್ಪನಿಗೆ ಟೊಮೆಟೊ, ರೇಷ್ಮೆಯಿಂದ ಸ್ವಂತ ಆದಾಯ ಇದ್ದರೂ ನೀವು ಕಟ್ಟಿದ ಬಿಲ್ಲು ನಿಮಗೇ.

ಆದರೆ ಮೂರು ಕಡೆ ಎಡವುತ್ತೀರಿ. ಒಂದು, 50,000 ಇಬ್ಬರಿಗೂ ಸೇರಿ, ತಲಾ ಅಲ್ಲ. ಎರಡು, ಅತ್ತೆ ಮಾವನ ಬಿಲ್ಲು ನಡೆಯುವುದಿಲ್ಲ. ಅದನ್ನು ಹೆಂಡತಿಯೋ ಗಂಡನೋ ತಮ್ಮ ಖಾತೆಯಿಂದ ಕಟ್ಟಿ ತಮ್ಮ ರಿಟರ್ನ್‌ನಲ್ಲೇ ತೋರಿಸಬೇಕು. ಮೂರು, ಮುಖ್ಯವಾದದ್ದು: ನಗದು ಕೊಟ್ಟಿದ್ದು ಲೆಕ್ಕಕ್ಕಿಲ್ಲ. ಚೆಕಪ್ ಒಂದಕ್ಕೆ ಬಿಟ್ಟರೆ 80ಡಿಯಲ್ಲಿ ಎಲ್ಲವೂ ಯುಪಿಐ, ಕಾರ್ಡ್, ಚೆಕ್ಕು, ಬ್ಯಾಂಕ್ ವರ್ಗಾವಣೆ ಇವುಗಳಲ್ಲೇ ಆಗಿರಬೇಕು. ಮೆಡಿಕಲ್ ಶಾಪ್‌ನಲ್ಲಿ ಐನೂರರ ನೋಟು ಕೊಡುವ ಬದಲು ಕ್ಯೂಆರ್ ಸ್ಕ್ಯಾನ್ ಮಾಡಿ, ಬಿಲ್ಲಿನಲ್ಲಿ ಅಪ್ಪನ ಹೆಸರು ಬರೆಸಿಕೊಳ್ಳಿ. ಕಂಪನಿಯ ಗುಂಪು ವಿಮೆಯಲ್ಲಿ ಅಪ್ಪ ಅಮ್ಮನ ಹೆಸರಿದ್ದರೆ ಈ ಖರ್ಚಿನ ದಾರಿ ಹಿಡಿಯಬೇಡಿ ಅಂತ ನನ್ನ ಸಲಹೆ.

80ಡಿಡಿಬಿ: ಪಟ್ಟಿಯಲ್ಲಿರುವ ದೊಡ್ಡ ಕಾಯಿಲೆಗಳು. ಕ್ಯಾನ್ಸರ್, ದೀರ್ಘಕಾಲದ ಕಿಡ್ನಿ ವೈಫಲ್ಯ, ಹಿಮೋಫಿಲಿಯಾ, ತಲಸ್ಸೇಮಿಯಾ, ಏಡ್ಸ್, ಮತ್ತು ಪಾರ್ಕಿನ್ಸನ್, ಡಿಮೆನ್ಷಿಯಾದಂಥ ಕೆಲವು ನರರೋಗಗಳು. ನರರೋಗವಾದರೆ ಶೇ. 40 ಅಥವಾ ಹೆಚ್ಚಿನ ಅಂಗವೈಕಲ್ಯ ಇರಬೇಕು. ನಿಮಗೆ, ಅಥವಾ ನಿಮ್ಮನ್ನು ಅವಲಂಬಿಸಿದ ಸಂಗಾತಿ, ಮಕ್ಕಳು, ತಂದೆ ತಾಯಿ, ಅಣ್ಣ ತಮ್ಮ, ಅಕ್ಕ ತಂಗಿಗೆ ಮಾಡಿದ ಖರ್ಚು. ಮಿತಿ 40,000, ರೋಗಿಗೆ 60 ಆಗಿದ್ದರೆ 1 ಲಕ್ಷ.

ಹೃದಯದ ಆಪರೇಷನ್ ಈ ಪಟ್ಟಿಯಲ್ಲಿಲ್ಲ. ಸ್ಟೆಂಟ್ ಹಾಕಿಸಿದ ಬಿಲ್ಲು ಇಲ್ಲಿ ಹಾಕಿದವರು ತುಂಬಾ ಜನ. ಕೆಜಿಎಫ್‌ನ ಓದುಗರು ಕೇಳುವ ಸಿಲಿಕೋಸಿಸ್ ಕೂಡ ಇಲ್ಲ. ಗಣಿಯ ಧೂಳು ಕುಡಿದು ಶ್ವಾಸಕೋಶ ಕಳೆದುಕೊಂಡವರ ಊರಿನಲ್ಲಿ ನಿಂತು ಈ ಮಾತು ಹೇಳುವುದು ಕಷ್ಟವೇ. ಆದರೆ ಆ ಹಿರಿಯರಿಗೆ 60 ದಾಟಿದ್ದು, ಆರೋಗ್ಯ ವಿಮೆ ಇಲ್ಲದಿದ್ದರೆ ಮೇಲೆ ಹೇಳಿದ 80ಡಿಯ 50,000 ಸಿಗುತ್ತದೆ.

ಇಲ್ಲಿನ ದೊಡ್ಡ ಗುಂಡಿ ವಿಮೆಯ ಹಣ. ತಂದೆಗೆ 64. ಬಿಲ್ಲು 1,80,000, ವಿಮೆಯಿಂದ 70,000 ಬಂತು. ಕೈಯಿಂದ ಹೋದದ್ದು 1,10,000, ಹಾಗಾಗಿ ಒಂದು ಲಕ್ಷ ತೋರಿಸಬಹುದು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಕಾನೂನಿನ ಲೆಕ್ಕ ಬೇರೆ: ಮೊದಲು ಮಿತಿ, ಆಮೇಲೆ ವಿಮೆ. ಒಂದು ಲಕ್ಷದಲ್ಲಿ 70,000 ಕಳೆದು 30,000 ಮಾತ್ರ. ಸರ್ಕಾರಿ ಯೋಜನೆಯಲ್ಲಿ ಉಚಿತವಾಗಿ ಆದ ಚಿಕಿತ್ಸೆಗೆ ಏನೂ ಇಲ್ಲ.

80ಡಿಡಿ ಮತ್ತು 80ಯು: ಶೇ. 40ಕ್ಕಿಂತ ಕಡಿಮೆಯಲ್ಲದ ಅಂಗವೈಕಲ್ಯ. ಅವಲಂಬಿತರಿಗೆ ಇದ್ದರೆ 80ಡಿಡಿ, ನಿಮಗೇ ಇದ್ದರೆ 80ಯು. 75,000 ರೂಪಾಯಿ, ಶೇ. 80 ಮತ್ತು ಮೇಲಾದರೆ 1,25,000. ಬಿಲ್ಲಿನ ಮೊತ್ತಕ್ಕೂ ಇದಕ್ಕೂ ಸಂಬಂಧ ಇಲ್ಲ, ಪ್ರಮಾಣಪತ್ರ ಮುಖ್ಯ.

ಇನ್ನು ಸಂಬಳದ ಚೀಟಿಯಲ್ಲಿ "ಮೆಡಿಕಲ್ ಅಲೋಯನ್ಸ್" ಅಂತ ಇರುತ್ತದಲ್ಲ, ಅದು ಪೂರ್ತಿ ತೆರಿಗೆಗೆ ಒಳಪಡುತ್ತದೆ. 15,000 ರೂಪಾಯಿ ಬಿಲ್ಲು ಕೊಟ್ಟು ಉಳಿಸುತ್ತಿದ್ದ ಕಾಲ 2018ಕ್ಕೇ ಮುಗಿಯಿತು.

ಹಂತ 3: ಕಾಗದ

ರಿಟರ್ನ್ ಜೊತೆ ಬಿಲ್ಲು ಕಳಿಸಬೇಕಾಗಿಲ್ಲ. ಅದಕ್ಕೇ ಜನ ಸುಮ್ನೆ ಒಂದು ಅಂಕಿ ಬರೆದುಬಿಡುತ್ತಾರೆ. ಆಮೇಲೆ ನೋಟಿಸ್ ಬಂದಾಗ ಹುಡುಕಾಟ.

80ಡಿಡಿಬಿಗೆ ತಜ್ಞ ವೈದ್ಯರ ಚೀಟಿ ಬೇಕೇ ಬೇಕು. ಕ್ಯಾನ್ಸರ್‌ಗೆ ಕ್ಯಾನ್ಸರ್ ತಜ್ಞರು, ಕಿಡ್ನಿಗೆ ನೆಫ್ರಾಲಜಿಸ್ಟ್ ಅಥವಾ ಯುರಾಲಜಿಸ್ಟ್. ಸರ್ಕಾರಿ ಆಸ್ಪತ್ರೆಯಾದರೆ ಅಲ್ಲಿ ಪೂರ್ಣಾವಧಿ ಕೆಲಸ ಮಾಡುವ, ಜನರಲ್ ಮೆಡಿಸಿನ್‌ನಲ್ಲಿ ಸ್ನಾತಕೋತ್ತರ ಪದವಿ ಇರುವ ವೈದ್ಯರೂ ಆಗಬಹುದು. ಹಾಗಾಗಿ ಬರಿ ಒಂದು ಚೀಟಿಗಾಗಿ ಬೆಂಗಳೂರಿನ ಕಿದ್ವಾಯಿಗೆ ಬಸ್ ಹತ್ತುವ ಮುಂಚೆ ಚಿಕಿತ್ಸೆ ಕೊಟ್ಟ ಜಿಲ್ಲಾ ಆಸ್ಪತ್ರೆಯಲ್ಲಿ ಕೇಳಿ. ಚೀಟಿಯಲ್ಲಿ ರೋಗಿಯ ಹೆಸರು, ವಯಸ್ಸು, ಕಾಯಿಲೆಯ ಹೆಸರು, ವೈದ್ಯರ ಹೆಸರು, ವಿಳಾಸ, ನೋಂದಣಿ ಸಂಖ್ಯೆ, ಅರ್ಹತೆ ಇರಬೇಕು. ಡಿಸ್ಚಾರ್ಜ್ ಆಗುವ ದಿನವೇ ಬರೆಸಿಕೊಳ್ಳಿ. ಆರು ತಿಂಗಳ ನಂತರ ಹೋದರೆ ಆ ವೈದ್ಯರು ಅಲ್ಲಿ ಇರುವುದೇ ಅನುಮಾನ.

ಮೆಡಿಕಲ್ ಶಾಪ್ ರಸೀದಿಗಳ ಅಕ್ಷರ ಕೆಲವೇ ತಿಂಗಳಲ್ಲಿ ಮಾಸಿಹೋಗುತ್ತದೆ. ಫೋಟೊ ತೆಗೆದಿಡಿ.

ಹಂತ 4: ರಿಟರ್ನ್ ತುಂಬುವುದು

80ಡಿಗೆ ಪ್ರತ್ಯೇಕ ಪಟ್ಟಿ ಇದೆ. ಬರಿ ಒಟ್ಟು ಮೊತ್ತ ಬರೆದರೆ ಸಾಲದು. ವಿಮಾ ಕಂಪನಿಯ ಹೆಸರು, ಪಾಲಿಸಿ ನಂಬರ್ ಕೇಳುತ್ತದೆ. ಹಿರಿಯರ ಚಿಕಿತ್ಸಾ ವೆಚ್ಚಕ್ಕೆ ಬೇರೆ ಸಾಲು ಇದೆ. ಅದನ್ನು ವಿಮೆಯ ಸಾಲಿನಲ್ಲಿ ತುಂಬಬೇಡಿ. ಕೃಷಿ ಆದಾಯ 5,000 ರೂಪಾಯಿ ದಾಟಿದ್ದರೆ ರಿಟರ್ನ್‌ನ ಸರಳ ನಮೂನೆಯಾದ ಐಟಿಆರ್-1 ನಡೆಯುವುದಿಲ್ಲ, ಐಟಿಆರ್-2 ಹಾಕಬೇಕು. ಜಮೀನು ಇರುವ ಸಂಬಳದವರು ಇದನ್ನು ಮರೆಯುತ್ತಾರೆ.

ಸಲ್ಲಿಸಿದ 30 ದಿನದೊಳಗೆ ಆಧಾರ್ ಒಟಿಪಿಯಿಂದ ಇ-ವೆರಿಫೈ ಮಾಡಿ.

ಮತ್ತೆ ಒಂದು ಎಚ್ಚರಿಕೆ. "ರಿಫಂಡ್ ಜಾಸ್ತಿ ಮಾಡಿಸಿಕೊಡ್ತೀನಿ, ನನಗೆ ಇಷ್ಟು ಪರ್ಸೆಂಟ್ ಕೊಡಿ" ಅನ್ನುವ ಏಜೆಂಟರು ಫ್ಯಾಕ್ಟರಿ ಗೇಟಿನ ತನಕ ಬರುತ್ತಾರೆ. ಅವರು ಮಾಡುವುದು ಇಷ್ಟೇ: ಇಲ್ಲದ ಕಾಯಿಲೆ, ಇಲ್ಲದ ವಿಮೆ ಬರೆಯುವುದು. ಇಂಥ ಸುಳ್ಳು ಲೆಕ್ಕಗಳ ಹಿಂದೆ ಬಿದ್ದು ಇಲಾಖೆ 2025ರ ಜುಲೈ 14ರಂದು ದೇಶದ 150 ಕಡೆ ತಪಾಸಣೆ ನಡೆಸಿತು. ಸಿಕ್ಕಿಬಿದ್ದರೆ ದಂಡ ತಪ್ಪಿಸಿದ ತೆರಿಗೆಯ ಶೇ. 200, ಬಡ್ಡಿ ಬೇರೆ. ಅದನ್ನು ಕಟ್ಟಬೇಕಾದವರು ನೀವು, ಏಜೆಂಟ್ ಅಲ್ಲ.

ಹಂತ 5: ರಿಫಂಡ್ ಕಡಿಮೆ ಬಂತು, ಈಗ?

ಪೋರ್ಟಲ್‌ನಲ್ಲಿ ಲಾಗಿನ್ ಆಗಿ. ಇ-ಫೈಲ್, ಅದರೊಳಗೆ ಇನ್‌ಕಮ್ ಟ್ಯಾಕ್ಸ್ ರಿಟರ್ನ್ಸ್, ಅದರೊಳಗೆ ವ್ಯೂ ಫೈಲ್ಡ್ ರಿಟರ್ನ್ಸ್. ಆ ವರ್ಷದ ಎದುರು "ಡೌನ್‌ಲೋಡ್ ಇಂಟಿಮೇಷನ್ ಆರ್ಡರ್" ಒತ್ತಿ. ಇದು ಸೆಕ್ಷನ್ 143(1)ರ ತಿಳುವಳಿಕೆ ಪತ್ರ. ಬೆಂಗಳೂರಿನಲ್ಲಿರುವ ಸಿಪಿಸಿ, ಅಂದರೆ ರಿಟರ್ನ್‌ಗಳ ಸಂಸ್ಕರಣಾ ಕೇಂದ್ರ, ಕಳಿಸಿದ್ದು. ಇಮೇಲ್‌ಗೂ ಬಂದಿರುತ್ತದೆ. ಪಾಸ್‌ವರ್ಡ್: ಪ್ಯಾನ್ ಸಣ್ಣಕ್ಷರದಲ್ಲಿ, ಅದಕ್ಕೆ ಅಂಟಿಸಿ ಹುಟ್ಟಿದ ದಿನ, ತಿಂಗಳು, ವರ್ಷ, ಒಟ್ಟು ಎಂಟು ಅಂಕಿ.

ಒಳಗೆ ಎರಡು ಕಾಲಂ ಇದೆ. ಎಡಕ್ಕೆ ನೀವು ಹೇಳಿದ್ದು, ಬಲಕ್ಕೆ ಅವರು ಲೆಕ್ಕ ಹಾಕಿದ್ದು. ಸ್ಕೇಲ್ ಇಟ್ಟುಕೊಂಡು ಸಾಲು ಸಾಲು ಕೆಳಗಿಳಿಯಿರಿ. ಅಂಕಿ ಎಲ್ಲಿ ಮೊದಲು ಬೇರೆಯಾಗುತ್ತದೋ ಅಲ್ಲೇ ಕಾರಣ. ಅದರ ಕೆಳಗಿನ ವ್ಯತ್ಯಾಸಗಳೆಲ್ಲ ಅದರ ಪರಿಣಾಮ, ಅವಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ಡಿಡಕ್ಷನ್ ಸಾಲಿನಲ್ಲಿ ಬಲಕ್ಕೆ ಸೊನ್ನೆ ಇದ್ದರೆ, ಹತ್ತರಲ್ಲಿ ಒಂಬತ್ತು ಸಲ ನೀವು ಹೊಸ ಪದ್ಧತಿಯಲ್ಲಿ ಉಳಿದಿದ್ದೀರಿ, ಅಥವಾ 10-ಐಇಎ ಹಾಕಿಲ್ಲ, ಅಥವಾ ತಡವಾಗಿ ಹಾಕಿದ್ದೀರಿ. ಪೂರ್ತಿ ಹೋಗದೆ ಸ್ವಲ್ಪ ಹೋಗಿದ್ದರೆ ಮಿತಿ ದಾಟಿದೆ, ಇಲ್ಲವೇ ವಿವರದ ಪಟ್ಟಿ ತುಂಬಿಲ್ಲ. ಇಂಥದ್ದನ್ನು ಕಡಿಮೆ ಮಾಡುವ ಮುಂಚೆ ಉತ್ತರಕ್ಕೆ 30 ದಿನ ಕೊಟ್ಟು ಇಮೇಲ್ ಕಳಿಸಿರುತ್ತಾರೆ. ಸ್ಪ್ಯಾಮ್ ಫೋಲ್ಡರ್ ನೋಡಿ.

87ಎ ರಿಬೇಟ್ (ಸಣ್ಣ ಆದಾಯದವರಿಗೆ ತೆರಿಗೆ ಮನ್ನಾ) ಸಾಲಿನಲ್ಲಿ ವ್ಯತ್ಯಾಸ ಇದ್ದರೆ ಷೇರು ನೆನಪಿಸಿಕೊಳ್ಳಿ. ಹೊಸ ಪದ್ಧತಿಯಲ್ಲಿ, ಷೇರು ಮಾರಿದ ಲಾಭದಂಥ ವಿಶೇಷ ದರದ ತೆರಿಗೆಗೆ ಆ ಮನ್ನಾ ಸಿಗುವುದಿಲ್ಲ.

234ಎಫ್ ಎದುರು 1,000 ಅಥವಾ 5,000 ಕಂಡರೆ ತಡವಾಗಿ ಹಾಕಿದ ಶುಲ್ಕ. ಆದಾಯ 5 ಲಕ್ಷದ ತನಕ ಇದ್ದರೆ ಸಾವಿರ, ಮೇಲಾದರೆ ಐದು ಸಾವಿರ. ಇದಕ್ಕೆ ವಾದ ಮಾಡಿ ಪ್ರಯೋಜನ ಇಲ್ಲ.

ಟಿಡಿಎಸ್ ಸಾಲು ಬೇರೆಯಾಗಿದ್ದರೆ 26ಎಎಸ್ ತೆರೆಯಿರಿ. ನಿಮ್ಮ ಸಂಬಳದಿಂದ ಹಿಡಿದ ತೆರಿಗೆಯನ್ನು ಕಂಪನಿ ಸರ್ಕಾರಕ್ಕೆ ಕಟ್ಟಿಲ್ಲ ಅಥವಾ ತಪ್ಪು ಪ್ಯಾನ್‌ಗೆ ಹಾಕಿದೆ ಅಂತ ಅರ್ಥ. ಮೊದಲು ಕಂಪನಿಯ ಅಕೌಂಟ್ಸ್‌ನವರಿಗೆ ಬರಹದಲ್ಲಿ ಹೇಳಿ, ಅವರ ಟಿಡಿಎಸ್ ರಿಟರ್ನ್ ಸರಿಪಡಿಸಲಿ. ಹಿಡಿದ ತೆರಿಗೆಯನ್ನು ನಿಮ್ಮಿಂದಲೇ ಮತ್ತೆ ವಸೂಲಿ ಮಾಡುವಂತಿಲ್ಲ ಅಂತ ಸೆಕ್ಷನ್ 205 ಹೇಳುತ್ತದೆ. ಸಂಬಳದ ಚೀಟಿಗಳನ್ನು ಜೋಪಾನವಾಗಿಡಿ.

ಕೊನೆಯ ಸಾಲಿನ ತನಕ ಎಲ್ಲ ಸರಿ ಇದೆ, ಬ್ಯಾಂಕಿಗೆ ಮಾತ್ರ ಕಡಿಮೆ ಬಂದಿದೆಯಾ? ಹಾಗಾದರೆ ಯಾವುದೋ ಹಳೆ ವರ್ಷದ ಬಾಕಿಗೆ ಹೊಂದಿಸಿಕೊಂಡಿದ್ದಾರೆ. ಇದು ಸೆಕ್ಷನ್ 245. ಹೊಂದಿಸುವ ಮುಂಚೆ ಕಳಿಸುವ ನೋಟಿಸ್‌ಗೆ 21 ದಿನದೊಳಗೆ ಉತ್ತರ ಕೊಡಬೇಕು. ಸುಮ್ಮನಿದ್ದರೆ ಒಪ್ಪಿದಂತೆ. ಪೆಂಡಿಂಗ್ ಆ್ಯಕ್ಷನ್ಸ್ ಒಳಗೆ "ರೆಸ್ಪಾನ್ಸ್ ಟು ಔಟ್‌ಸ್ಟ್ಯಾಂಡಿಂಗ್ ಡಿಮ್ಯಾಂಡ್" ಅಂತ ಇದೆ. ಅಲ್ಲಿ ಯಾವ ವರ್ಷದ ಬಾಕಿ ಅಂತ ಕಾಣುತ್ತದೆ. ಒಪ್ಪದಿದ್ದರೆ ಕಾರಣ, ಚಲನ್ ಸಮೇತ ಹಾಕಿ. ಹತ್ತು ವರ್ಷದ ಹಿಂದೆ ಬಿಟ್ಟ ಕಂಪನಿಯ ಟಿಡಿಎಸ್ ಗೊಂದಲ ಹೀಗೆ ಈಗ ಎದ್ದು ಬರುವುದುಂಟು.

ಹಂತ 6: ಸರಿಪಡಿಸುವುದು

ತಪ್ಪು ಯಾರದು ಅನ್ನುವುದರ ಮೇಲೆ ದಾರಿ ಬೇರೆ. 80ಡಿ ಹಾಕುವುದನ್ನೇ ಮರೆತಿದ್ದರೆ ಪರಿಷ್ಕೃತ ರಿಟರ್ನ್ ಹಾಕಬೇಕು, ಅದರ ಗಡುವು ಮುಗಿದಿರದಿದ್ದರೆ. ನಾಲ್ಕು ವರ್ಷ ಅವಕಾಶ ಇರುವ ಅಪ್‌ಡೇಟೆಡ್ ರಿಟರ್ನ್ ಇದಕ್ಕೆ ಬರುವುದಿಲ್ಲ. ಅದರಲ್ಲಿ ರಿಫಂಡ್ ಕೇಳಲು, ಹೆಚ್ಚಿಸಿಕೊಳ್ಳಲು ಆಗದು.

ನೀವು ಸರಿಯಾಗಿ ಹಾಕಿದ್ದು ಅವರು ಬಿಟ್ಟಿದ್ದರೆ, ಅಥವಾ ಕಂಪನಿ ಈಗ ಟಿಡಿಎಸ್ ಸರಿಪಡಿಸಿದ್ದರೆ, ಸರ್ವಿಸಸ್ ಮೆನುವಿನಲ್ಲಿ ರೆಕ್ಟಿಫಿಕೇಷನ್ ಕೋರಿಕೆ ಸಲ್ಲಿಸಿ. ಸೆಕ್ಷನ್ 154. ಆದೇಶ ಬಂದ ಹಣಕಾಸು ವರ್ಷ ಮುಗಿದು ನಾಲ್ಕು ವರ್ಷದ ತನಕ ಸಮಯ ಇದೆ. 26ಎಎಸ್ ಸರಿಯಾಗುವ ಮುಂಚೆಯೇ ಮೂರು ಮೂರು ಸಲ ಕೋರಿಕೆ ಒತ್ತಬೇಡಿ, ಅದೇ ಉತ್ತರ ಬರುತ್ತದೆ. ಕಾನೂನಿನ ಅರ್ಥದ ಬಗ್ಗೆಯೇ ತಕರಾರು ಇದ್ದರೆ ಮೇಲ್ಮನವಿಗೆ 30 ದಿನ ಮಾತ್ರ. ಆಗ ಲೆಕ್ಕಪರಿಶೋಧಕರ ಹತ್ತಿರ ಹೋಗಿ.

ತಡವಾಗಿ ಬಂದ ರಿಫಂಡ್‌ಗೆ ತಿಂಗಳಿಗೆ ಅರ್ಧ ಪರ್ಸೆಂಟ್ ಬಡ್ಡಿ ಸೇರಿರುತ್ತದೆ. ಆ ಬಡ್ಡಿಯೂ ಆದಾಯವೇ, ಅದು ಕೈಗೆ ಬಂದ ವರ್ಷದ ರಿಟರ್ನ್‌ನಲ್ಲಿ ತೋರಿಸಿ.

ಸಹಾಯವಾಣಿ 1800 103 0025. ಕರೆ ಮಾಡುವಾಗ ಇಂಟಿಮೇಷನ್ ಪತ್ರ ಎದುರಿಗಿರಲಿ. "ರಿಫಂಡ್ ಕಡಿಮೆ ಬಂದಿದೆ" ಅನ್ನುವ ಬದಲು ಎಷ್ಟನೇ ಸಾಲಿನಲ್ಲಿ ವ್ಯತ್ಯಾಸ ಅಂತ ಕೇಳಿ. "ರಿಫಂಡ್ ಮಂಜೂರಾಗಿದೆ, ಈ ಲಿಂಕ್ ಒತ್ತಿ" ಅಂತ ವಾಟ್ಸ್ಆ್ಯಪ್‌ನಲ್ಲಿ ಬರುವುದನ್ನು ಮುಟ್ಟಲೇಬೇಡಿ. ನಿಜವಾದ ರಿಫಂಡ್ ನೀವು ಪೋರ್ಟಲ್‌ನಲ್ಲಿ ದೃಢಪಡಿಸಿದ ಬ್ಯಾಂಕ್ ಖಾತೆಗೆ ನೇರವಾಗಿ ಬರುತ್ತದೆ, ಒಟಿಪಿ ಕೇಳುವುದಿಲ್ಲ.